ಮುದ್ರೆ ನಿಜ, ಓಲೆ ಸುಳ್ಳು: ಬೀದರದ ಒಂದು ಪ್ರಕರಣವೂ ಇ-ಮೇಲ್ ರಕ್ಷಣೆಯ ಇತಿಹಾಸವೂ

1

ಬರೆದವನ ಕೈಯಿಂದ ಹೊರಟ ಓಲೆಯನ್ನು, ನಡುದಾರಿಯಲ್ಲಿ ಯಾರೂ ಓದದಂತೆ, ಯಾರೂ ತಿದ್ದದಂತೆ, ಓದಬೇಕಾದವನ ಕೈಗೆ ತಲಪಿಸುವುದು ಹೇಗೆಂಬ ಪ್ರಶ್ನೆ ರಾಜ್ಯಗಳಷ್ಟೇ ಹಳೆಯದು. ಈ ಪ್ರಶ್ನೆಗೆ ಇಂದಿನ ಕಾಲ ಕೊಟ್ಟಿರುವ ಉತ್ತರಗಳಲ್ಲಿ ಒಂದು, ಇ-ಮೇಲ್ ಪೆಟ್ಟಿಗೆಯಿಂದ ಪತ್ರಗಳನ್ನು ಗೂಢಲಿಪಿಯ ರಕ್ಷಣೆಯಲ್ಲಿ ತರಿಸಿಕೊಳ್ಳುವ ವ್ಯವಸ್ಥೆ. ಬೀದರ ನಗರದಲ್ಲಾಗಲಿ, ಭಾಲ್ಕಿಯಲ್ಲಾಗಲಿ, ಔರಾದ ತಾಲ್ಲೂಕಿನ ಎಕಂಬಾದಂಥ ಊರಿನಲ್ಲಾಗಲಿ ಒಬ್ಬ ವಿದ್ಯಾರ್ಥಿ ತನ್ನ ಕೈಫೋನನ್ನು ತೆರೆದು ಪತ್ರ ನೋಡುವಾಗ, ಅವನ ಅರಿವಿಗೆ ಬಾರದಂತೆಯೇ ಈ ವ್ಯವಸ್ಥೆ ಕೆಲಸ ಮಾಡುತ್ತಿರುತ್ತದೆ. ಇದು ಯಂತ್ರಶಾಸ್ತ್ರದ ವಿಷಯ, ಇತಿಹಾಸದ ಪತ್ರಿಕೆಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ಪತ್ರರಕ್ಷಣೆಯ ಮೂಲಸಮಸ್ಯೆಯನ್ನು ಬಹು ಸ್ಪಷ್ಟವಾಗಿ ತೋರಿಸುವ ಪ್ರಸಂಗವೊಂದು ಬೀದರದ ಇತಿಹಾಸದಲ್ಲಿಯೇ ಇದೆ ಎಂಬುದು ನಮ್ಮ ಉತ್ತರ. ಆ ಪ್ರಸಂಗದಿಂದ ಆರಂಭಿಸಿ, ಅದರ ಬೆಳಕಿನಲ್ಲಿ ಇಂದಿನ ವ್ಯವಸ್ಥೆಯು ಏನನ್ನು ಕಾಪಾಡುತ್ತದೆ, ಏನನ್ನು ಕಾಪಾಡಲಾರದು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

2

ಬಹಮನಿ ಸುಲ್ತಾನರ ವಜೀರನಾಗಿದ್ದ ಮಹಮೂದ್ ಗವಾನನು ಇರಾನಿನ ಗೀಲಾನ ಪ್ರಾಂತದಿಂದ ವ್ಯಾಪಾರಕ್ಕಾಗಿ ದಕ್ಖಣಕ್ಕೆ ಬಂದವನು. ಮೂರನೆಯ ಮುಹಮ್ಮದ್ ಷಾನ ಆಳ್ವಿಕೆಯಲ್ಲಿ ರಾಜ್ಯದ ಭಾರವೆಲ್ಲ ಅವನ ಮೇಲಿತ್ತು. ಬೀದರದಲ್ಲಿ ಅವನು 1472ರಲ್ಲಿ ಪೂರ್ಣಗೊಳಿಸಿದ ಮದರಸಾದ ಕಟ್ಟಡ, ಒಂದು ಪಾರ್ಶ್ವ ಸಿಡಿದುಹೋಗಿದ್ದರೂ, ಇಂದಿಗೂ ನೋಡುವವರ ಮನಸ್ಸನ್ನು ಸೆಳೆಯುತ್ತದೆ. ನಮ್ಮ ವಿಷಯಕ್ಕೆ ಮುಖ್ಯವಾದ ಸಂಗತಿ ಇನ್ನೊಂದುಂಟು. ಗವಾನನು ಪತ್ರಲೇಖನದಲ್ಲಿ ತನ್ನ ಕಾಲದ ಪ್ರಸಿದ್ಧರಲ್ಲೊಬ್ಬ. ಅವನ ಪತ್ರಗಳ ಸಂಗ್ರಹವಾದ ‘ರಿಯಾಜುಲ್ ಇನ್ಷಾ’ ಉಳಿದು ಬಂದಿದೆ. ಪತ್ರಲೇಖನ ಕಲೆಯನ್ನೇ ಕುರಿತ ‘ಮನಾಜಿರುಲ್ ಇನ್ಷಾ’ ಎಂಬ ಲಕ್ಷಣಗ್ರಂಥವನ್ನೂ ಅವನು ರಚಿಸಿದ. ಪಾರಸಿ ಕವಿ ಜಾಮಿಯೊಡನೆಯೂ ತುರ್ಕಿಯ ಸುಲ್ತಾನನೊಡನೆಯೂ ಅವನಿಗೆ ಪತ್ರವ್ಯವಹಾರವಿತ್ತು. ಇಂಥವನ ಪ್ರಾಣ ಹೋದದ್ದು ಅವನು ಬರೆಯದ ಒಂದು ಪತ್ರದಿಂದ.

ಪ್ರಾಂತಗಳನ್ನು ಒಡೆದು ಚಿಕ್ಕದಾಗಿಸಿ, ಪ್ರಾಂತಾಧಿಕಾರಿಗಳ ಕೈಯಲ್ಲಿದ್ದ ಕೋಟೆಗಳನ್ನು ಮೊಟಕುಗೊಳಿಸಿದ ಅವನ ಸುಧಾರಣೆಗಳು ದಕ್ಖಣಿ ಸರದಾರರ ಅಸಮಾಧಾನಕ್ಕೆ ಕಾರಣವಾಗಿದ್ದವು. ಫೆರಿಶ್ತಾ ಹೇಳುವ ಪ್ರಕಾರ, ಮಲಿಕ್ ಹಸನನ ಪಕ್ಷದವರು ವಜೀರನ ಮುದ್ರೆಯನ್ನು ಇರಿಸಿಕೊಂಡಿದ್ದ ಹಬಸಿ ಸೇವಕನ ಸ್ನೇಹ ಬೆಳಸಿದರು; ಅವನು ಕುಡಿದು ಮೈಮರೆತಿದ್ದಾಗ, ಮಡಿಸಿದ ಕಾಗದವೊಂದನ್ನು ಮುಂದಿಟ್ಟು, ಇದು ಒಬ್ಬ ಗೆಳೆಯನ ಲೆಕ್ಕದ ಕಾಗದ, ಇದಕ್ಕೂ ಒಂದು ಮುದ್ರೆ ಬೀಳಲಿ ಎಂದರು. ಕಾಗದದಲ್ಲಿ ಏನಿದೆ ಎಂಬುದನ್ನು ಅವನು ಬಿಡಿಸಿ ನೋಡಲಿಲ್ಲ. ಅದು ಬರಿಯ ಕಾಗದವಾಗಿತ್ತು. ಅನಂತರ ಅದರ ಮೇಲೆ, ಸುಲ್ತಾನನ ಆಳ್ವಿಕೆಯಿಂದ ಜನ ಬೇಸತ್ತಿದ್ದಾರೆ, ದಂಡೆತ್ತಿ ಬರಬೇಕು ಎಂದು ಒರಿಸ್ಸಾದ ಗಜಪತಿ ಅರಸನನ್ನು ವಜೀರನೇ ಕರೆದಂತೆ ಪತ್ರ ಸಿದ್ಧವಾಯಿತು. ದಂಡಯಾತ್ರೆಯಲ್ಲಿದ್ದ ಸುಲ್ತಾನನ ಮುಂದೆ ಅದನ್ನು ಓದಲಾಯಿತು. ಕರೆಸಿ ಕೇಳಿದಾಗ ಗವಾನನು, ಮುದ್ರೆ ತನ್ನದೆಂಬುದು ನಿಜ, ಆದರೆ ಪತ್ರದ ವಿಷಯ ತನಗೆ ತಿಳಿಯದು ಎಂದನು. 1481ನೆಯ ಏಪ್ರಿಲ್ 5ರಂದು, ಎಪ್ಪತ್ತು ವಯಸ್ಸಿನ ಆಸುಪಾಸಿನಲ್ಲಿದ್ದ ಆ ವೃದ್ಧನ ತಲೆ ಕಡಿಸಲಾಯಿತು. ಮಾರನೆಯ ವರ್ಷ, 1482ರಲ್ಲಿ, ಸುಲ್ತಾನನೂ ತೀರಿಕೊಂಡ. 1490ರ ಸುಮಾರಿಗೆ ಬಿಜಾಪುರ, ಅಹಮದನಗರ, ಬೇರಾರಗಳು ಸ್ವತಂತ್ರವಾದವು. ಅಹಮದನಗರವನ್ನು ಸ್ಥಾಪಿಸಿದವನು ಮಲಿಕ್ ಹಸನನ ಮಗನೇ.

ಫೆರಿಶ್ತಾ ಬರೆದದ್ದು ಘಟನೆ ನಡೆದು ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಬಿಜಾಪುರದ ಆಸ್ಥಾನದಲ್ಲಿ. ಆದಕಾರಣ ಸಂಭಾಷಣೆಯ ವಿವರಗಳನ್ನೆಲ್ಲ ಅಕ್ಷರಶಃ ನಂಬಬೇಕಾಗಿಲ್ಲ. ಕೃತಕ ಪತ್ರ ಮತ್ತು ಮರಣದಂಡನೆ ಎಂಬ ಮುಖ್ಯಾಂಶದ ವಿಷಯದಲ್ಲಿ ಮಾತ್ರ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಇಲ್ಲಿ ತಪ್ಪಿದ್ದು ಎಲ್ಲಿ ಎಂಬುದನ್ನು ವಿಚಾರಿಸಬೇಕು. ದಾರಿಯಲ್ಲಿ ಯಾರೂ ಪತ್ರವನ್ನು ಕದಿಯಲಿಲ್ಲ. ಅರಗನ್ನು ಒಡೆದು ಮತ್ತೆ ಅಂಟಿಸಲಿಲ್ಲ. ಮುದ್ರೆಯನ್ನು ಯಾರೂ ನಕಲು ಕೆತ್ತಲಿಲ್ಲ. ಮುದ್ರೆ ನಿಜವಾದದ್ದೇ, ಒತ್ತಿದವನೂ ಅಧಿಕಾರವುಳ್ಳವನೇ. ಮುದ್ರೆ ಒತ್ತುವ ಕಾರ್ಯಕ್ಕೂ ಪತ್ರದ ವಿಷಯಕ್ಕೂ ಇರಬೇಕಾಗಿದ್ದ ಸಂಬಂಧ ಮಾತ್ರ ಕಡಿದುಹೋಗಿತ್ತು. ಮುದ್ರೆ ಕಾಗದಕ್ಕೆ ಸಾಕ್ಷಿಯಾಗಿತ್ತೇ ಹೊರತು ಒಕ್ಕಣೆಗೆ ಸಾಕ್ಷಿಯಾಗಿರಲಿಲ್ಲ. ಸುಲ್ತಾನನು ಆ ಎರಡನ್ನೂ ಒಂದೆಂದು ತಿಳಿದನು. ಪರೀಕ್ಷೆಗೆ ದಾರಿಗಳಿರಲಿಲ್ಲವೆಂದಲ್ಲ. ಗವಾನನ ಶೈಲಿ ನಾಡಿಗೆಲ್ಲ ಪರಿಚಿತವಾದದ್ದು. ಅವನ ನೂರಾರು ಪತ್ರಗಳೊಡನೆ ಹೋಲಿಸಬಹುದಾಗಿತ್ತು. ಓಲೆಯನ್ನು ಒಯ್ಯುತ್ತಿದ್ದವನು ಯಾರು, ಅದು ಯಾರ ಕೈಯಿಂದ ಸಿಕ್ಕಿತು ಎಂದು ಕೇಳಬಹುದಾಗಿತ್ತು. ಇಟಲಿಯಲ್ಲಿ ಲೊರೆಂಜೊ ವಾಲ್ಲಾ ಎಂಬ ಪಂಡಿತನು 1440ರಲ್ಲಿ, ಕಾನ್‌ಸ್ಟಂಟೈನ್ ಚಕ್ರವರ್ತಿಯದೆಂದು ಹೇಳಲಾಗುತ್ತಿದ್ದ ದಾನಪತ್ರವನ್ನು ಭಾಷೆಯ ಆಧಾರದಿಂದಲೇ ಕೃತಕವೆಂದು ತೋರಿಸಿದ್ದನು. ಅದೇ ಶತಮಾನದಲ್ಲಿ ನಮ್ಮಲ್ಲಿ ಅಂಥ ಪರೀಕ್ಷೆಗೆ ಒಂದು ದಿನದ ಅವಕಾಶವೂ ದೊರೆಯಲಿಲ್ಲ.

3

ಗವಾನನ ಕಾಲದಿಂದ ಇ-ಮೇಲಿನ ಕಾಲಕ್ಕೆ ಬರುವ ಮುನ್ನ ನಡುವಿನ ಟಪಾಲಿನ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡುವುದು ಅವಶ್ಯ. ಏಕೆಂದರೆ ಪತ್ರಕ್ಕೆ ಎರಡನೆಯ ಅಪಾಯವಾದ ದಾರಿಯ ಅಪಾಯ ಅಲ್ಲಿ ಕಾಣಬರುತ್ತದೆ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಸ್ಥಾಪಿಸಿದ ಅಂಚೆಯು ಓಲೆಯನ್ನು ಸಾಗಿಸುವುದರ ಜೊತೆಗೆ ಪ್ರಾಂತಗಳ ಗುಟ್ಟನ್ನು ಅರಮನೆಗೆ ಮುಟ್ಟಿಸುವ ಬೇಹಿನ ಸಾಧನವೂ ಆಗಿತ್ತೆಂದು ವಿಲ್ಕ್ಸ್ ಬರೆದಿದ್ದಾನೆ. ಎಂದರೆ, ಓಲೆಯನ್ನು ಹೊರುವವನೇ ಓಲೆಗಾರನ ಮೇಲೆ ಕಣ್ಣಿಡುವವನೂ ಆಗಿದ್ದ. ಆ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಬೀದರ ಸೀಮೆ ನಿಜಾಮನ ರಾಜ್ಯಕ್ಕೆ ಸೇರಿದ್ದರಿಂದ ಇಲ್ಲಿಯ ಟಪಾಲಿನ ಕಥೆ ಬೇರೆ. 1869ರಿಂದ ತನ್ನದೇ ಅಂಚೆಚೀಟಿಗಳನ್ನು ಹೊರಡಿಸಿದ ಹೈದರಾಬಾದಿನ ಟಪಾಲು, 1950ನೆಯ ಏಪ್ರಿಲ್ 1ರಂದು ಭಾರತದ ಅಂಚೆಯಲ್ಲಿ ವಿಲೀನವಾಯಿತು. 1956ನೆಯ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದ ಮೊದಲಾದವು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದುವು.

ಆಳುವವರು ಪತ್ರವನ್ನು ತಡೆದು ನೋಡುವ ಅಧಿಕಾರ 1898ರ ಅಂಚೆ ಕಚೇರಿ ಕಾಯಿದೆಯಲ್ಲಿ ಇದ್ದಿತು. ಆ ಅಧಿಕಾರವನ್ನು ವಿಸ್ತರಿಸಲು ಹೊರಟ 1986ರ ತಿದ್ದುಪಡಿ ಮಸೂದೆಗೆ ರಾಷ್ಟ್ರಪತಿ ಜೈಲ್ ಸಿಂಗರು ಅಂಕಿತ ಹಾಕಲಿಲ್ಲ. ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದ 2023ರ ಅಂಚೆ ಕಚೇರಿ ಕಾಯಿದೆಯಲ್ಲಿಯೂ ತಡೆದು ನೋಡುವ ಅಧಿಕಾರ ಉಳಿದಿದೆ. ವಿದ್ಯುನ್ಮಾನ ಪತ್ರಗಳಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಅನ್ವಯಿಸುತ್ತದೆ. ಇದರ ಇನ್ನೊಂದು ಮಗ್ಗುಲಾಗಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ವ್ಯಾಜ್ಯದಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ 9 ಮಂದಿ ನ್ಯಾಯಾಧೀಶರ ಪೀಠ 2017ನೆಯ ಆಗಸ್ಟ್ 24ರಂದು ತೀರ್ಪಿತ್ತಿತು. ಆದುದರಿಂದ ಪತ್ರದ ಗೋಪ್ಯತೆ ಈಗ ಬರಿಯ ಅನುಕೂಲದ ಮಾತಲ್ಲ, ಹಕ್ಕಿನ ಮಾತು.

4

ಒಂದು ಯಂತ್ರದಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರ ಕಳುಹಿಸುವುದನ್ನು ಅಮೆರಿಕದ ರೇ ಟಾಮ್ಲಿನ್‌ಸನ್ 1971ರಲ್ಲಿ ಸಾಧಿಸಿದನು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ನೆಯ ಆಗಸ್ಟ್ 15ರಂದು. ಪತ್ರವು ಮೊದಲು ಸರ್ವರ್ ಎಂಬ ಯಂತ್ರದ ಪೆಟ್ಟಿಗೆಯಲ್ಲಿ ಬಂದು ಬೀಳುತ್ತದೆ. ಓದುಗನು ಅಲ್ಲಿಂದ ಅದನ್ನು ತರಿಸಿಕೊಳ್ಳಬೇಕು. ಅಂಚೆಮನೆಗೆ ಹೋಗಿ ತನ್ನ ಹೆಸರಿನ ಕಾಗದವನ್ನು ಕೇಳಿ ಪಡೆಯುವುದಕ್ಕೆ ಇದನ್ನು ಹೋಲಿಸಬಹುದು. ಹೀಗೆ ಕೇಳಿ ಪಡೆಯುವ ಕ್ರಮಕ್ಕೆ ಎರಡು ನಿಯಮಾವಳಿಗಳು ಬಳಕೆಗೆ ಬಂದವು. ಮೊದಲನೆಯದು 1984ರಲ್ಲಿ ಹುಟ್ಟಿ 1988ರಲ್ಲಿ ಮೂರನೆಯ ರೂಪ ತಳೆದ ಪಿಒಪಿ. ಇದು ಸಾಮಾನ್ಯವಾಗಿ ಪತ್ರವನ್ನು ಓದುಗನ ಯಂತ್ರಕ್ಕೆ ಇಳಿಸಿಕೊಡುತ್ತದೆ. ಎರಡನೆಯದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದ ಐಮ್ಯಾಪ್. ಇದು ಪತ್ರವನ್ನು ಸರ್ವರಿನಲ್ಲಿಯೇ ಇಟ್ಟು, ಎಷ್ಟು ಕಡೆಯಿಂದಲಾದರೂ ನೋಡಲು ಅವಕಾಶ ಕೊಡುತ್ತದೆ.

ಎರಡೂ ಹುಟ್ಟಿದ್ದು ಪರಸ್ಪರ ಪರಿಚಿತರಾದ ವಿದ್ವಾಂಸರ ಸಣ್ಣ ಜಾಲಕ್ಕಾಗಿ. ಅಲ್ಲಿ ಹೆಸರು, ಪಾಸ್‌ವರ್ಡು, ಪತ್ರದ ಒಕ್ಕಣೆ ಎಲ್ಲವೂ ತೆರೆದ ಅಕ್ಷರಗಳಲ್ಲಿಯೇ ಸಾಗುತ್ತಿದ್ದವು. ಪಿಒಪಿಯಲ್ಲಿ ಓದುಗನ ಯಂತ್ರವು ಒಂದು ಸಾಲಿನಲ್ಲಿ ಹೆಸರನ್ನು, ಮುಂದಿನ ಸಾಲಿನಲ್ಲಿ ಪಾಸ್‌ವರ್ಡನ್ನು ಹೇಳಿಬಿಡುತ್ತಿತ್ತು. ದಾರಿಯಲ್ಲಿ ಕುಳಿತವನಿಗೆ ಇದು ಒಂದು ಪತ್ರವನ್ನಷ್ಟೇ ಕೊಡುತ್ತಿರಲಿಲ್ಲ. ಪೆಟ್ಟಿಗೆಯ ಬೀಗದ ಕೈಯನ್ನೇ ಕೊಡುತ್ತಿತ್ತು. ಪತ್ರವನ್ನು ತರಿಸಿಕೊಳ್ಳುವ ಘಟ್ಟವೇ ಬಹಳ ಅಪಾಯದ ಘಟ್ಟವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದಕ್ಕೆ ಪರಿಹಾರ ಬಂದದ್ದು ಅಂಗಡಿಯ ಕಡೆಯಿಂದ. ಜಾಲದ ಮೇಲೆ ವ್ಯಾಪಾರ ನಡೆಯಬೇಕಾದರೆ ಹಣದ ವಿವರಗಳು ಗುಪ್ತವಾಗಿರಬೇಕಷ್ಟೆ. ಅದಕ್ಕಾಗಿ ನೆಟ್‌ಸ್ಕೇಪ್ ಸಂಸ್ಥೆಯು 1995ರಲ್ಲಿ ಎಸ್‌ಎಸ್‌ಎಲ್ ಎಂಬ ಕ್ರಮವನ್ನು ಹೊರತಂದಿತು. ಅದೇ ಪರಿಷ್ಕೃತವಾಗಿ 1999ರಲ್ಲಿ ಟಿಎಲ್‌ಎಸ್ ಎಂಬ ಹೆಸರು ಪಡೆಯಿತು. ಇದರ ಕೆಲಸವನ್ನು ಮೂರು ಹೆಜ್ಜೆಗಳಲ್ಲಿ ವಿವರಿಸಬಹುದು. ಮೊದಲು, ಸರ್ವರು ತಾನು ಇಂಥವನೆಂದು ತೋರಿಸುವ ಪ್ರಮಾಣಪತ್ರವನ್ನು ಮುಂದಿಡುತ್ತದೆ. ಅದರ ಮೇಲೆ ಓದುಗನ ಯಂತ್ರ ಮೊದಲೇ ನಂಬಿರುವ ಪ್ರಮಾಣಾಧಿಕಾರಿಯ ಸಹಿ ಇರುತ್ತದೆ. ಎರಡನೆಯದಾಗಿ, ಡಿಫಿ ಮತ್ತು ಹೆಲ್‌ಮನ್ 1976ರಲ್ಲಿ ಪ್ರಕಟಿಸಿದ ಗಣಿತದ ಉಪಾಯದಿಂದ, ಎರಡು ಯಂತ್ರಗಳೂ ಬಹಿರಂಗವಾಗಿ ಮಾತನಾಡುತ್ತಲೇ ತಮಗಿಬ್ಬರಿಗೆ ಮಾತ್ರ ತಿಳಿದ ಒಂದು ರಹಸ್ಯ ಸಂಖ್ಯೆಯನ್ನು ಗೊತ್ತುಮಾಡಿಕೊಳ್ಳುತ್ತವೆ. ಮೂರನೆಯದಾಗಿ, ಮುಂದಿನ ಮಾತೆಲ್ಲ ಆ ಸಂಖ್ಯೆಯ ಆಧಾರದ ಮೇಲೆ ಗೂಢಲಿಪಿಯಾಗಿ ಸಾಗುತ್ತದೆ. ನಡುವೆ ಯಾರಾದರೂ ಒಂದಕ್ಷರ ತಿದ್ದಿದರೂ ತಿಳಿದುಬಿಡುತ್ತದೆ. 2018ರ ಟಿಎಲ್‌ಎಸ್ 1.3ರಲ್ಲಿ ಈ ರಹಸ್ಯವು ಪ್ರತಿ ಭೇಟಿಗೂ ಹೊಸದಾಗಿ ಹುಟ್ಟಿ ಅಲ್ಲಿಗೇ ಅಳಿಯುವುದು ಸಾಮಾನ್ಯ ಕ್ರಮವಾಯಿತು. ಆದಕಾರಣ ಇಂದು ಕದ್ದಿಟ್ಟ ಗೂಢಲಿಪಿಯನ್ನು, ನಾಳೆ ಸರ್ವರಿನ ಕೀಲಿ ಸಿಕ್ಕಿದರೂ ಬಿಡಿಸಲಾಗದು.

ಈ ರಕ್ಷಣೆಯನ್ನು ಪತ್ರ ತರಿಸುವ ನಿಯಮಗಳಿಗೆ ಅಳವಡಿಸುವಲ್ಲಿ ಎರಡು ಪಂಥಗಳಾದವು. ಮೊದಲ ಮಾತಿನಿಂದಲೇ ಬಾಗಿಲು ಮುಚ್ಚಿರಲಿ, ಅದಕ್ಕಾಗಿ ಪ್ರತ್ಯೇಕ ದ್ವಾರವಿರಲಿ ಎಂಬುದು ಒಂದು ಪಂಥ. ಐಮ್ಯಾಪಿಗೆ ಹಳೆಯ 143ರ ಬದಲು 993, ಪಿಒಪಿಗೆ ಹಳೆಯ 110ರ ಬದಲು 995 ಎಂಬ ದ್ವಾರಸಂಖ್ಯೆಗಳು ಹೀಗೆ ಬಂದವು. ಹಳೆಯ ದ್ವಾರದಲ್ಲಿಯೇ ತೆರೆದ ಮಾತಿನಿಂದ ಆರಂಭಿಸಿ, ನಡುವೆ ಸ್ಟಾರ್ಟ್‌ಟಿಎಲ್‌ಎಸ್ ಎಂಬ ಆಜ್ಞೆಯಿಂದ ಗೂಢಲಿಪಿಗೆ ತಿರುಗೋಣ ಎಂಬುದು ಎರಡನೆಯ ಪಂಥ. 1999ರ ಅಧಿಕೃತ ದಾಖಲೆಯು ಎರಡನೆಯದನ್ನು ಒಪ್ಪಿ, ಪ್ರತ್ಯೇಕ ದ್ವಾರಗಳು ಬೇಡವೆಂದಿತು. ಕಾಲಕ್ರಮದಲ್ಲಿ ಅದರ ದೋಷ ಹೊರಬಿತ್ತು. ಆರಂಭದ ಮಾತು ತೆರೆದೇ ಇರುವುದರಿಂದ, ನಡುವೆ ನಿಂತವನು ಆ ಆಜ್ಞೆಯ ಸೂಚನೆಯನ್ನೇ ಅಳಿಸಿಬಿಟ್ಟರೆ, ಎಚ್ಚರವಿಲ್ಲದ ಯಂತ್ರ ಪಾಸ್‌ವರ್ಡನ್ನು ತೆರೆದೇ ಕೊಟ್ಟುಬಿಡುತ್ತದೆ. 2018ರ ಜನವರಿಯಲ್ಲಿ ಹೊರಬಂದ ದಾಖಲೆ ಹಿಂದಿನ ನಿಲುವನ್ನು ತಿರುಗಿಸಿ, ತೆರೆದ ಅಕ್ಷರದ ವ್ಯವಹಾರ ಕಾಲಬಾಹಿರವೆಂದೂ 993 ಮತ್ತು 995 ದ್ವಾರಗಳೇ ಮೇಲೆಂದೂ ಸಾರಿತು. 2021ರಲ್ಲಿ ಜರ್ಮನಿಯ ಸಂಶೋಧಕರು ಸ್ಟಾರ್ಟ್‌ಟಿಎಲ್‌ಎಸ್ ಬಳಸುವ ತಂತ್ರಾಂಶಗಳಲ್ಲಿ 40ಕ್ಕೂ ಮಿಕ್ಕ ದೋಷಗಳನ್ನು ತೋರಿಸಿ ಆ ನಿಲುವಿಗೆ ಪುಷ್ಟಿ ಕೊಟ್ಟರು. ಅದೇ ವರ್ಷದ ಮಾರ್ಚಿಯಲ್ಲಿ ಟಿಎಲ್‌ಎಸ್‌ನ 1.0 ಮತ್ತು 1.1ನೆಯ ರೂಪಗಳನ್ನು ಬಿಡಬೇಕೆಂದು ಗೊತ್ತುಪಡಿಸಲಾಯಿತು. 2022ರಲ್ಲಿ ಗೂಗಲ್, ಮೈಕ್ರೊಸಾಫ್ಟ್ ಸಂಸ್ಥೆಗಳು ಬರಿಯ ಪಾಸ್‌ವರ್ಡಿನಿಂದ ಪೆಟ್ಟಿಗೆ ತೆರೆಯುವ ಪದ್ಧತಿಯನ್ನು ಬಹುಮಟ್ಟಿಗೆ ನಿಲ್ಲಿಸಿ, ಅವಧಿಯುಳ್ಳ ಅನುಮತಿಯ ಚೀಟಿಯಂಥ ಕ್ರಮಕ್ಕೆ ತಿರುಗಿದವು.

5

ದಾರಿಯ ಅಪಾಯಕ್ಕೆ ಹೀಗೆ ತಕ್ಕ ಪರಿಹಾರ ದೊರೆಯಿತು. ಆದರೆ ಗವಾನನ ಪ್ರಾಣ ಹೋದದ್ದು ದಾರಿಯ ಅಪಾಯದಿಂದಲ್ಲವೆಂಬುದನ್ನು ಮರೆಯಬಾರದು. ಮುದ್ರೆ ಇಟ್ಟುಕೊಂಡವನ ಕೈ ತಪ್ಪಿದರೆ ಗತಿಯೇನು ಎಂಬ ಪ್ರಶ್ನೆ ಹೊಸ ವ್ಯವಸ್ಥೆಯಲ್ಲಿಯೂ ಉಳಿದೇ ಇದೆ. ಇಲ್ಲಿ ಮುದ್ರಾಧಿಕಾರಿಯ ಸ್ಥಾನ ಪ್ರಮಾಣಪತ್ರ ಕೊಡುವ ಸಂಸ್ಥೆಯದು. 2011ರಲ್ಲಿ ಹಾಲೆಂಡಿನ ಡಿಜಿನೋಟರ್ ಎಂಬ ಪ್ರಮಾಣಸಂಸ್ಥೆಯೊಳಕ್ಕೆ ನುಗ್ಗಿದವರು ಗೂಗಲ್ ಮೊದಲಾದ ಹೆಸರುಗಳಲ್ಲಿ 500ಕ್ಕೂ ಹೆಚ್ಚು ಪ್ರಮಾಣಪತ್ರಗಳನ್ನು ಹೊರಡಿಸಿದರು. ಇರಾನಿನ ಬಹುಸಂಖ್ಯೆಯ ಬಳಕೆದಾರರ ಇ-ಮೇಲ್ ಇದರಿಂದ ಬಯಲಾಗುವ ಅಪಾಯಕ್ಕೆ ಒಳಗಾಯಿತು. ಅದೇ ವರ್ಷ ಆ ಸಂಸ್ಥೆ ದಿವಾಳಿಯಾಯಿತು. 2014ರ ಜುಲೈಯಲ್ಲಿ ನಮ್ಮ ದೇಶದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಅಧಿಕೃತ ಸಹಿಯಿಂದ ಗೂಗಲ್ ಹೆಸರಿನ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದುದು ಪತ್ತೆಯಾಗಿ, ಅವುಗಳ ಮೂಲ ಪ್ರಮಾಣಪತ್ರಗಳನ್ನೇ ರದ್ದುಪಡಿಸಬೇಕಾಯಿತು. ಎರಡು ಪ್ರಸಂಗಗಳಲ್ಲಿಯೂ ಗೂಢಲಿಪಿಯ ಗಣಿತ ಮುರಿಯಲಿಲ್ಲ. ಸಹಿ ಗಣಿತದ ಪ್ರಕಾರ ನಿಜವಾದದ್ದೇ. ಅದು ಸಾಕ್ಷಿ ಹೇಳಿದ ವಿಷಯ ಮಾತ್ರ ಸುಳ್ಳು. ಬೀದರದ ಪ್ರಕರಣದ ಲಕ್ಷಣವೇ ಇಲ್ಲಿ ಮತ್ತೆ ಕಂಡುಬರುತ್ತದೆ.

ಅಂತರವೂ ಒಂದುಂಟು. ಈ ಸುಳ್ಳುಗಳು ಹೊರಬಿದ್ದುವು, ಏಕೆಂದರೆ ಪರೀಕ್ಷೆ ಮಾಡುವವರು ಬೇರೆಯವರಿದ್ದರು. ಹೊರಡುವ ಪ್ರಮಾಣಪತ್ರಗಳನ್ನೆಲ್ಲ ಯಾರು ಬೇಕಾದರೂ ನೋಡಬಹುದಾದ, ಅಳಿಸಲಾಗದ ಬಹಿರಂಗ ದಫ್ತರದಲ್ಲಿ ಬರೆದಿಡುವ ಕ್ರಮವನ್ನು 2013ರಲ್ಲಿ ಸೂಚಿಸಲಾಯಿತು. 2018ರಿಂದ ಗೂಗಲಿನ ಕ್ರೋಮ್ ತಂತ್ರಾಂಶವು ಹೊಸ ಪ್ರಮಾಣಪತ್ರಗಳಿಗೆ ಇದನ್ನು ಕಡ್ಡಾಯ ಮಾಡಿತು. ಗವಾನನ ಮುದ್ರಾಸೇವಕನು ಒತ್ತಿದ ಪ್ರತಿಯೊಂದು ಮುದ್ರೆಗೂ ಇಂಥದೊಂದು ದಾಖಲೆ ಇದ್ದಿದ್ದರೆ, ಮುದ್ರೆ ಬಿದ್ದಾಗ ಕಾಗದ ಬರಿದಾಗಿತ್ತೆಂಬುದು ಸುಲ್ತಾನನಿಗೆ ತಿಳಿಯುತ್ತಿತ್ತೋ ಏನೋ.

ಕೊನೆಯದಾಗಿ, ಪತ್ರ ತರಿಸುವ ದಾರಿಯ ಗೂಢಲಿಪಿಯು ಯಾವುದನ್ನು ಕಾಪಾಡಲಾರದು ಎಂಬುದನ್ನೂ ಹೇಳಬೇಕು. ಅದು ಸರ್ವರಿನಿಂದ ಓದುಗನವರೆಗಿನ ದಾರಿಯನ್ನು ಮಾತ್ರ ಮುಚ್ಚುತ್ತದೆ. ಪತ್ರವು ಸರ್ವರಿನೊಳಗೆ ಸಾಮಾನ್ಯವಾಗಿ ಅದನ್ನು ನಡೆಸುವವರು ಓದಬಲ್ಲ ರೂಪದಲ್ಲಿಯೇ ಇರುತ್ತದೆ. ಕಳುಹಿಸಿದವನೆಂದು ಹೇಳಿಕೊಳ್ಳುವವನೇ ನಿಜವಾಗಿ ಕಳುಹಿಸಿದನೇ ಎಂಬುದಕ್ಕೂ ಅದು ಸಾಕ್ಷಿಯಲ್ಲ. ಮೋಸದ ಪತ್ರವೊಂದು ಕೂಡ 993ನೆಯ ದ್ವಾರದಿಂದ, ಅತ್ಯಂತ ಭದ್ರವಾಗಿಯೇ ನಮ್ಮ ಕೈಗೆ ಬಂದು ಸೇರುತ್ತದೆ. ಒಕ್ಕಣೆಗೇ ಮುದ್ರೆ ಒತ್ತುವ ಉಪಾಯಗಳು ಬೇರೆ. ಫಿಲ್ ಜಿಮರ್‌ಮನ್ 1991ರಲ್ಲಿ ಹೊರತಂದ ಪಿಜಿಪಿಯಲ್ಲಿ ಸಹಿಯನ್ನು ಪತ್ರದ ಅಕ್ಷರಗಳಿಂದಲೇ ಲೆಕ್ಕಹಾಕಿ ತೆಗೆಯುತ್ತಾರೆ. ಬರಿಯ ಕಾಗದದ ಮೇಲೆ ಮೊದಲೇ ಒತ್ತಿಸಿಕೊಂಡು ಆಮೇಲೆ ಬೇರೆ ವಿಷಯ ಬರೆಯುವುದು ಅಲ್ಲಿ ಸಾಧ್ಯವಿಲ್ಲ. ನಮ್ಮ ದೇಶದಲ್ಲಿ ಇಂಥ ಅಂಕೀಯ ಸಹಿಗೆ 2000ದ ಕಾಯಿದೆ ಮಾನ್ಯತೆ ಕೊಟ್ಟಿದೆ. ಆದರೂ ಸಹಿಯ ಕೀಲಿಯನ್ನು ಇನ್ನೊಬ್ಬನ ಕೈಗೆ ಕೊಟ್ಟು ನಿಶ್ಚಿಂತನಾಗಿ ಕುಳಿತರೆ, ಹಬಸಿ ಸೇವಕನ ಪ್ರಸಂಗ ಮರುಕಳಿಸಲು ತಡೆಯಿಲ್ಲ. ಕಚೇರಿಗಳಲ್ಲಿ ಅಧಿಕಾರಿಯ ಕೀಲಿ ಗುಮಾಸ್ತರ ಮೇಜಿನ ಖಾನೆಯಲ್ಲಿರುವುದನ್ನು ಕಂಡವರಿಗೆ ಇದು ಹೊಸ ಮಾತಲ್ಲ.

ಮೇಲ್ಕಂಡ ವಿವೇಚನೆಯಿಂದ ನಾವು ಮುಟ್ಟುವ ನಿರ್ಣಯವಿಷ್ಟು. ಪತ್ರವೊಂದು ಬಂದಾಗ ನಾಲ್ಕು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು: ದಾರಿ ಭದ್ರವೇ? ಕೊಟ್ಟ ಬಾಗಿಲು ನಿಜವಾದದ್ದೇ? ಪಡೆದವನು ಹಕ್ಕುಳ್ಳವನೇ? ಹೆಸರಿನವನೇ ಈ ಒಕ್ಕಣೆಯನ್ನು ಬರೆದವನೇ? ಗೂಢಲಿಪಿಯ ಐಮ್ಯಾಪ್, ಪಿಒಪಿಗಳು ಮೊದಲ ಎರಡಕ್ಕೆ ಚೆನ್ನಾಗಿಯೂ, ಮೂರನೆಯದಕ್ಕೆ ಒಂದಿಷ್ಟು ಮಟ್ಟಿಗೂ ಉತ್ತರ ಕೊಡುತ್ತವೆ. ಅವನ್ನು ಬಳಸದಿರುವುದು ಅವಿವೇಕ. ತಮ್ಮ ಯಂತ್ರದ ಇ-ಮೇಲ್ ವ್ಯವಸ್ಥೆಯಲ್ಲಿ ದ್ವಾರಸಂಖ್ಯೆ 993 ಅಥವಾ 995 ಇದೆಯೇ ಎಂದು ನೋಡಿಕೊಳ್ಳುವುದೂ, ಪ್ರಮಾಣಪತ್ರ ಸರಿಯಿಲ್ಲವೆಂಬ ಎಚ್ಚರಿಕೆ ಬಂದಾಗ ಅದನ್ನು ತಳ್ಳಿಹಾಕಿ ಮುಂದುವರಿಯದಿರುವುದೂ ಪ್ರತಿಯೊಬ್ಬ ವಿದ್ಯಾರ್ಥಿಗೂ ಸಾಧ್ಯ. ನಾಲ್ಕನೆಯ ಪ್ರಶ್ನೆಗೆ ಮಾತ್ರ ಯಂತ್ರದ ಉತ್ತರ ಪೂರ್ತಿಯಾಗಿ ಸಾಲದು. ಶೈಲಿಯನ್ನು ನೋಡುವುದು, ಬಂದ ದಾರಿಯನ್ನು ವಿಚಾರಿಸುವುದು, ಹೆಸರಿರುವವನನ್ನೇ ಬೇರೊಂದು ಮಾರ್ಗದಿಂದ ಕೇಳುವುದು ಇವು ಇತಿಹಾಸದ ವಿದ್ಯಾರ್ಥಿ ಶಾಸನಗಳ ಮುಂದೆ, ಕಡತಗಳ ಮುಂದೆ ಕುಳಿತು ದಿನವೂ ಮಾಡುವ ಕೆಲಸ. 1481ರಲ್ಲಿ ಸುಲ್ತಾನನು ಅಷ್ಟನ್ನು ಮಾಡುವ ತಾಳ್ಮೆ ತೋರಿದ್ದರೆ ಬೀದರದ ಮದರಸಾವನ್ನು ಕಟ್ಟಿಸಿದವನು ಇನ್ನೂ ಕೆಲವು ವರ್ಷ ಅದರ ಗ್ರಂಥಾಲಯದಲ್ಲಿ ಕುಳಿತು ಪತ್ರ ಬರೆಯುತ್ತಿದ್ದನು.